ಗುರುಮನೆಯ ಒಂಟಿತನ

ಮನೆಯಲ್ಲಿ ಸಾವು ಸಂಭವಿಸಿದಾಗ, ಮದುವೆ ಮುರಿಯುವಂತಾದಾಗ, ಮಕ್ಕಳು ದಾರಿ ತಪ್ಪಿದಾಗ ನಾವು ಗುರುಗಳ ಬಳಿ ಓಡುತ್ತೇವೆ. ಆದರೆ ಗುರುಗಳು ತಮ್ಮ ದುಃಖವನ್ನು ಯಾರಲ್ಲಿ ಹೇಳಿಕೊಳ್ಳಬೇಕು? "ದೇವರಿಗೆ ಮೀಸಲಾದವರಿಗೆ ದೇವರೇ ಸಾಕಲ್ಲವೇ?" ಎಂದು ಭಕ್ತರು ಗೌರವದಿಂದಲೇ ಕೇಳುವುದುಂಟು. ಇದು ಸರಿಯೇ?

ಏಕಾಂತ ಬೇರೆ, ಒಂಟಿತನ ಬೇರೆ. ಏಕಾಂತವನ್ನು ನಾವೇ ಬಯಸಿ ಅರಸುತ್ತೇವೆ. ಒಂಟಿತನ ಬಯಸದೆ ಬರುತ್ತದೆ. ಯೇಸುಸ್ವಾಮಿ ಪ್ರಾರ್ಥಿಸಲು ಒಬ್ಬರೇ ಬೆಟ್ಟವೇರಿದರು. ಆದರೆ ಗೆತ್ಸೆಮನಿ ತೋಪಿನಲ್ಲಿ ಮೂವರು ಶಿಷ್ಯರನ್ನು ಕರೆದೊಯ್ದು, ತಮ್ಮೊಡನೆ ಎಚ್ಚರವಾಗಿರಲು ಕೇಳಿಕೊಂಡರು. ಶಿಷ್ಯರನ್ನು ಸೇವೆಗೆ ಕಳುಹಿಸಿದ್ದೂ ಇಬ್ಬಿಬ್ಬರನ್ನಾಗಿ. ದೇವಪುತ್ರರೇ ಜೊತೆಗಾರರನ್ನು ಬಯಸಿದ ಮೇಲೆ, ಯಾಜಕರು ಬಯಸಿದರೆ ಅದು ವಿಶ್ವಾಸದ ಕೊರತೆ ಹೇಗಾದೀತು? ಸಂತ ಥಾಮಸ್ ಅಕ್ವಿನಾಸರು ದೈವಪ್ರೀತಿಯನ್ನೇ ಸ್ನೇಹವೆಂದು ವಿವರಿಸಿದ್ದಾರೆ. ಸ್ನೇಹವನ್ನೇ ಅರಿಯದವರು ಆ ಪ್ರೀತಿಯನ್ನು ಬೋಧಿಸುವುದು ಕಷ್ಟ.

ಸಂತ ದಾಮಿಯೇನರು 1873ರಲ್ಲಿ ಕುಷ್ಠರೋಗಿಗಳ ಸೇವೆಗಾಗಿ ಮೊಲೊಕಾಯ್ ದ್ವೀಪಕ್ಕೆ ಹೋದರು. ಅವರ ಸಭೆಯ ಮೇಲಧಿಕಾರಿ ಹಡಗಿನಲ್ಲಿ ಬಂದಾಗ ದಡಕ್ಕಿಳಿಯಲು ಅನುಮತಿ ದೊರೆಯಲಿಲ್ಲ. ದಾಮಿಯೇನರು ದೋಣಿಯಲ್ಲಿ ಹಡಗಿನ ಪಕ್ಕಕ್ಕೆ ಹೋಗಿ, ಇತರರಿಗೂ ಕೇಳಿಸುವಂತೆ ಗಟ್ಟಿಯಾಗಿ ಪಾಪನಿವೇದನೆ ಮಾಡಿದರು. ಅಂಥ ಧೀರರಿಗೂ ಇನ್ನೊಬ್ಬ ಯಾಜಕರ ಹಂಬಲವಿತ್ತು.

ಇದನ್ನು ಬಲ್ಲ ಎರಡನೇ ವ್ಯಾಟಿಕನ್ ಮಹಾಸಭೆಯು 1965ರಲ್ಲಿ, ಒಂಟಿತನದ ಅಪಾಯದಿಂದ ಪಾರಾಗಲು ಯಾಜಕರು ಯಾವುದಾದರೊಂದು ರೀತಿಯ ಸಹಬಾಳ್ವೆಯನ್ನು ರೂಢಿಸಿಕೊಳ್ಳಬೇಕೆಂದು ಸೂಚಿಸಿತು. ಅಪಾಯ ಯಾಜಕರಿಗೆ ಮಾತ್ರವಲ್ಲ, ಭಕ್ತರಿಗೂ ಇದೆ. "ಫಾದರ್, ಇದು ತಪ್ಪು" ಎಂದು ಪ್ರೀತಿಯಿಂದ ಹೇಳುವವರಿಲ್ಲದಿದ್ದರೆ ಅಧಿಕಾರ ಗಡುಸಾಗುತ್ತದೆ; ಕುಡಿತವೋ ಕಹಿಯೋ ಮೆಲ್ಲನೆ ಮನೆ ಮಾಡುತ್ತದೆ.

ನಮ್ಮ ತಿತಿಮತಿಯ ಕಡೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ತೋಟದ ಲೈನ್ ಮನೆಗಳು ದೂರ ದೂರ. ಕತ್ತಲಾದರೆ ಆನೆಯ ಭಯ. ಮಳೆಗಾಲದಲ್ಲಿ ಕರೆಂಟೂ ಇರದ ಗುರುಮನೆಯಲ್ಲಿ ಊಟಕ್ಕೆ ಕೂರುವವರು ಒಬ್ಬರೇ. ಹಾಗೆಂದು ಆಪ್ತರಾದ ಒಂದೆರಡು ಮನೆಗಳಿಗೇ ಅಂಟಿಕೊಂಡರೆ "ಅವರು ಫಾದರ್ ಕಡೆಯವರು" ಎಂಬ ಮಾತು ಹುಟ್ಟುತ್ತದೆ. ಈ ಆತಂಕ ಸುಳ್ಳಲ್ಲ. ಅದಕ್ಕೆ ಪರಿಹಾರ ಸ್ನೇಹವನ್ನು ಬಿಡುವುದಲ್ಲ, ಅದನ್ನು ಇಡೀ ಧರ್ಮಕೇಂದ್ರಕ್ಕೆ ವಿಸ್ತರಿಸುವುದು. ಲೈನ್ ಮನೆಯ ಗಂಜಿಗೂ ಬಂಗಲೆಯ ಊಟಕ್ಕೂ ಗುರುಗಳು ಒಂದೇ ಮನಸ್ಸಿನಿಂದ ಕೂರುವಂತಾಗಬೇಕು.

ಯಾಜಕರ ಹೊಣೆಯೂ ಇದೆ. ನೆರೆಯ ಧರ್ಮಕೇಂದ್ರದ ಗುರುಗಳೊಡನೆ ತಿಂಗಳಿಗೊಮ್ಮೆಯಾದರೂ ಪ್ರಾರ್ಥಿಸಿ, ಪಾಪನಿವೇದನೆ ಮಾಡಿ, ಒಟ್ಟಿಗೆ ಊಟ ಮಾಡಬೇಕು. ಕದ ಮುಚ್ಚಿಕೊಂಡು "ಯಾರೂ ಬರುವುದಿಲ್ಲ" ಎಂದು ಕೊರಗುವುದು ನ್ಯಾಯವಲ್ಲ.

ಭಕ್ತರು ಮಾಡಬೇಕಾದದ್ದು ದೊಡ್ಡದೇನಲ್ಲ. ಹಬ್ಬಕ್ಕೆ ಮಾತ್ರವಲ್ಲದೆ ಸಾಮಾನ್ಯ ದಿನವೂ ಗುರುಗಳನ್ನು ಮನೆಗೆ ಕರೆಯಿರಿ. ಯಾವ ಬೇಡಿಕೆಯೂ ಇಲ್ಲದೆ ಒಮ್ಮೆ ಗುರುಮನೆಗೆ ಹೋಗಿ, ಆರೋಗ್ಯ ವಿಚಾರಿಸಿ. ತಪ್ಪು ಕಂಡರೆ ಬೀದಿಯಲ್ಲಿ ಆಡದೆ ಮುಖಾಮುಖಿ ಹೇಳಿ.

ನೆಲೆಯಿಲ್ಲದೆ ಬಂದ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರ ಅರಸರು ಆಶ್ರಯವಿತ್ತರು. 1792ರಲ್ಲಿ ವಿರಾಜಪೇಟೆಯ ಸಂತ ಅನ್ನಮ್ಮನವರ ಧರ್ಮಕೇಂದ್ರ ಹುಟ್ಟಿತು. ಕೊಡಗಿನಲ್ಲಿ ಆಶ್ರಯ ಪಡೆದೇ ಬೆಳೆದ ಸಮುದಾಯ ನಮ್ಮದು. ಊರು ಬಿಟ್ಟು, ಮನೆ ಬಿಟ್ಟು ನಮ್ಮ ನಡುವೆ ಬರುವ ಗುರುಗಳಿಗೆ ಆಶ್ರಯವಾಗುವುದು ನಮಗೆ ಭಾರವಾಗದಿರಲಿ.