ಒಂದು ನೀರು

ಮೂರು ವರ್ಷದ ಹಿಂದೆ ಹಿಂಗಾರಿ ಮಳೆ ಕೈಕೊಟ್ಟಾಗ, ತಮ್ಮ ಬದುವಿನ ಮೇಲೆ ನಿಂತು ಕೇಳಿದ: “ಅಣ್ಣಾ, ಕಡ್ಲಿ ಹೂವಿಗೆ ಬಂದೈತಿ, ಬಾಡಾಕತ್ತೈತಿ. ಒಂದ್ ನೀರ್ ಕೊಡು.” ನಾನೆಂದೆ: “ನನ್ನ ಉಳ್ಳಾಗಡ್ಡಿಗೇ ಸಾಲಂಗಿಲ್ಲ.”

ಕೊಳವೆಬಾವಿ ಕೊರೆಸಿದ್ದು ಅಪ್ಪ, ಮನೆ ಒಂದಾಗಿದ್ದಾಗ, ಎಲ್ಲರೂ ತೀರಿಸಿದ ಸಾಲದಲ್ಲಿ. ಪಾಲಾದಾಗ ಆ ತುಂಡು ನನಗೆ ಬಂತು. ಪ್ರತಿಯಾಗಿ ತಮ್ಮನಿಗೆ ಅರ್ಧ ಎಕರೆ ಹೆಚ್ಚು ಬಿಟ್ಟೆವು. ಲೆಕ್ಕ ಮುಗಿಯಿತೆಂದು ನಂಬಿದ್ದೆ. ಕಾನೂನೂ ನನ್ನ ಕಡೆಗೇ ಇದೆ. 1882ರ ಈಸ್‌ಮೆಂಟ್ ಕಾಯ್ದೆಯ ಕಾಲದಿಂದಲೂ ತನ್ನ ನೆಲದಡಿಯ ನೀರನ್ನು ಎತ್ತುವ ಹಕ್ಕು ನೆಲದ ಒಡೆಯನದು.

ಆದರೆ ಸಿಂಗಟಾಲೂರು ಏತ ನೀರಾವರಿಯ ನೀರು ಬೇಕೆಂದು ಧರಣಿ ಕುಳಿತವನೂ ನಾನೇ. ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಲ್ಲಿ ತುಂಗಭದ್ರೆಗೆ ಬ್ಯಾರೇಜು ಕಟ್ಟಿ, ಗದಗ, ಕೊಪ್ಪಳ, ಬಳ್ಳಾರಿ ಸೀಮೆಗೆ ನೀರು ಕೊಡಲೆಂದು ಮಾಡಿದ ಯೋಜನೆ ಅದು. ಕೊಪ್ಪಳ ಭಾಗದ ಎರಿ ಹೊಲಗಳಿಗೆ ನೀರು ಬರಲಿ ಎಂದು ಇಲ್ಲಿನ ರೈತರು ವರ್ಷಗಟ್ಟಲೆ ಕೂಗಿದ್ದಾರೆ. ಅಲ್ಲಿ ನಮ್ಮ ವಾದವೇನು? ನದಿ ದಂಡೆಯಲ್ಲಿದ್ದವನಿಗಷ್ಟೇ ನದಿ ಸೇರಿದ್ದಲ್ಲ, ಒಣಗಿದವನ ಅಗತ್ಯಕ್ಕೂ ಪಾಲಿದೆ ಎಂಬುದು. 2018ರಲ್ಲಿ ಕಾವೇರಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್ ಕೂಡ ಅಂತರರಾಜ್ಯ ನದಿಗೆ ಯಾವ ಒಂದು ರಾಜ್ಯವೂ ಒಡೆಯನಲ್ಲ ಎಂದಿತು. ನದಿಗೆ ಸರಿಯಾದ ಈ ಮಾತು ಕೊಳವೆಬಾವಿಯ ಹತ್ತಿರ ಬಂದಾಗ ಹೇಗೆ ತಪ್ಪಾಯಿತು? ಬದು ಇರುವುದು ಮಣ್ಣಿನ ಮೇಲೆ. ಕೆಳಗಿನ ನೀರಿಗೆ ನಮ್ಮ ಪಾಲುಪಟ್ಟಿ ಗೊತ್ತಿಲ್ಲ.

ಹಾಗಂತ “ಅಗತ್ಯವಿದ್ದವನಿಗೆ ನೀರು” ಎಂದಷ್ಟೇ ಹೇಳಿದರೂ ಸಾಲದು. ಮೋಟರು ಸುಟ್ಟರೆ ರಿಪೇರಿ ಮಾಡಿಸುವವನು ನಾನು. ಅಗತ್ಯವೂ ತಾನಾಗಿ ಹುಟ್ಟುವುದಿಲ್ಲ, ಅರ್ಧ ನಾವೇ ಬಿತ್ತುತ್ತೇವೆ. ತುಂಗಭದ್ರಾ ಎಡದಂಡೆ ಕಾಲುವೆ ನೋಡಿ. ಅದನ್ನು ಯೋಜಿಸಿದ್ದು ಹೆಚ್ಚಾಗಿ ಕಡಿಮೆ ನೀರಿನ ಬೆಳೆಗಳಿಗೆ. ಗಂಗಾವತಿ ಸುತ್ತ ಭತ್ತ ಹಬ್ಬಿತು. ರಾಯಚೂರು ಜಿಲ್ಲೆಯ ಕೊನೆಭಾಗದ ರೈತರು ನೀರಿಗಾಗಿ ರಸ್ತೆಗಿಳಿದರು. ಮೇಲಿನವನಿಗೂ ನೀರಿನ ಅಗತ್ಯ ನಿಜ, ಅವನ ಭತ್ತ ನಿಜವಾಗಿಯೇ ಒಣಗುತ್ತದೆ. ಆದರೆ ಆ ಅಗತ್ಯ ಕೆಳಗಿನವನನ್ನು ಕೇಳದೆ ನಾಟಿ ಮಾಡಿದ್ದು.

ನನ್ನ ಉಳ್ಳಾಗಡ್ಡಿ ನನ್ನ ಭತ್ತವಾಗಿತ್ತು. ನೀರು ಸಾಲದು ಎಂದದ್ದು ಸುಳ್ಳಲ್ಲ. ಸಾಲದಂತೆ ಮಾಡಿದವನು ನಾನು ಎಂಬುದನ್ನು ಹೇಳಲಿಲ್ಲ. ಅರ್ಧ ಎಕರೆಯ ಲೆಕ್ಕವೂ ನೆಲದ ಬೆಲೆ ತೀರಿಸಿತ್ತೇ ಹೊರತು, ಬರದ ವರ್ಷದಲ್ಲಿ ಕಣ್ಣೆದುರು ಒಣಗುವ ಹೊಲಕ್ಕೆ ಉತ್ತರ ಕೊಟ್ಟಿರಲಿಲ್ಲ.

ಆದ್ದರಿಂದ ನನಗೀಗ ತೋಚುವುದಿಷ್ಟು: ನೀರಿನ ನ್ಯಾಯ ವಾಲ್ವಿನ ಹತ್ತಿರ ತೀರ್ಮಾನವಾಗುವುದಿಲ್ಲ, ಬಿತ್ತುವ ಮೊದಲೇ ಆಗಬೇಕು. ಹಂಚಿಕೊಳ್ಳಬೇಕಾದ್ದು ನೀರನ್ನಷ್ಟೇ ಅಲ್ಲ, ಕೊರತೆಯನ್ನೂ. ಮೇಲೆ ಇರುವವನು ತನ್ನ ಬೆಳೆ ಆರಿಸುವಾಗಲೇ ಕೆಳಗಿನವನಿಗೆ ಒಂದು ನೀರು ತೆಗೆದಿಡಬೇಕು. ಸರ್ಕಾರಕ್ಕೆ ಇದನ್ನು ಹೇಳುವ ಬಾಯಿ ನನಗೆ ಬರಬೇಕಾದರೆ, ಮೊದಲು ನನ್ನ ಹೊಲದಲ್ಲಿ ಅದು ನಡೆಯಬೇಕು.

ಈಗ ಅಣ್ಣತಮ್ಮಂದಿರು ಬಿತ್ತನೆಗೆ ಮುಂಚೆ ಮೋಟರು ಹಚ್ಚಿ, ನೀರಿನ ದಪ್ಪ ನೋಡಿ, ಆಮೇಲೆ ಬೀಜದ ಮಾತಾಡುತ್ತೇವೆ. ಉಳ್ಳಾಗಡ್ಡಿ ಅರ್ಧಕ್ಕೆ ಇಳಿದಿದೆ. ಮೋಟರಿನ ಖರ್ಚಿನಲ್ಲಿ ತಮ್ಮ ಪಾಲು ಕೊಡುತ್ತಾನೆ. ಆದರೂ ಆ ವರ್ಷದ ಕಡಲೆಯ ಮಾತನ್ನು ಅವನು ಒಮ್ಮೆಯೂ ಎತ್ತಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು.