ದಾರಿ ಕೇಳಲು ನಾಚಿಕೆಯೇಕೆ?



ಕೆಲವು ತಿಂಗಳ ಹಿಂದಿನ ಮಾತು. ದಾವಣಗೆರೆಯಲ್ಲಿ ಭಾನುವಾರದ ಎರಡನೆಯ ಪೂಜೆ ಮುಗಿಸಿ ಹೊರಬಂದಾಗ ದೇವಾಲಯದ ಅಂಗಳದಲ್ಲಿ ಚೆಂಡುಹೂವಿನ ಹಾರ ಹಾಕಿಕೊಂಡು ಹೊಸ ಕಾರೊಂದು ನಿಂತಿತ್ತು. ನಮ್ಮ ಧರ್ಮಕೇಂದ್ರದ ದಂಪತಿ ನಿವೃತ್ತಿಯ ಹಣದಲ್ಲಿ ಕೊಂಡದ್ದು. ಪ್ರಾರ್ಥನೆ ಹೇಳಿ, ತೀರ್ಥ ಚಿಮುಕಿಸಿ, ಅವರು ತಂದಿದ್ದ ಸಂತ ಕ್ರಿಸ್ತೋಫರರ ಪದಕವನ್ನೂ ಆಶೀರ್ವದಿಸಿದೆ. ಆಗ ಒಂದು ತೊಡಕು ಕಾಣಿಸಿತು. ಪದಕ ಅಂಟಿಸಬೇಕೆಂದಿದ್ದ ಜಾಗದಲ್ಲೇ ದಾರಿ ತೋರಿಸುವ ಯಂತ್ರ ಕೂರಿಸಬೇಕೆಂದು ಮಗ ಗುರುತು ಹಾಕಿಟ್ಟಿದ್ದ.

“ಯಾವುದು ತಗೊಂಡ್ರೆ ಒಳ್ಳೇದು ಫಾದರ್?” ಎಂದು ಯಜಮಾನರು ಕೇಳಿದರು. ಪದಕದ ವಿಷಯವಲ್ಲ, ಯಂತ್ರದ ವಿಷಯ. ನಾನು ಬಾಯಿ ತೆರೆಯುವ ಮೊದಲೇ ಅವರ ಮನೆಯವರು, “ಯಾವುದಾದ್ರೂ ಒಂದು ಹೇಳಿಬಿಡ್ರಿ ಫಾದರ್. ಇವರಂತೂ ಸತ್ರೂ ಯಾರನ್ನೂ ದಾರಿ ಕೇಳೋರಲ್ಲ” ಎಂದರು. ಎಲ್ಲರೂ ನಕ್ಕೆವು. ನಾನೂ ನಕ್ಕೆ. ಆದರೆ ಆ ಮಾತು ನನ್ನ ಎದೆಗೇ ತಾಗಿತ್ತು. ಏಕೆಂದು ಮುಂದೆ ಹೇಳುತ್ತೇನೆ.

ಮೊದಲು ಅವರಿಗೆ ಕೊಟ್ಟ ಉತ್ತರ. ಫೋನಿನಲ್ಲೇ ದಾರಿ ಕಾಣುವಾಗ ಬೇರೆ ಯಂತ್ರವೇಕೆ ಎಂದು ಕೇಳುವವರಿದ್ದಾರೆ. ಎರಡಕ್ಕೂ ಅದರದರ ಗುಣವಿದೆ. ಫೋನು ರಸ್ತೆಯ ದಟ್ಟಣೆಯನ್ನು ಆಗಿಂದಾಗ್ಗೆ ತಿಳಿಸುತ್ತದೆ. ಆದರೆ ನೆಟ್‌ವರ್ಕ್ ಇಲ್ಲದ ಕಡೆ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರದಿದ್ದರೆ, ಕೈಕೊಡುತ್ತದೆ. ದಾರಿ ಹೇಳುತ್ತಿರುವಾಗಲೇ ಯಾರದೋ ಕರೆ ಬಂದು ತಿರುವು ತಪ್ಪುವುದೂ ಉಂಟು. ಕಾರಿಗೆಂದೇ ಮಾಡಿದ ಯಂತ್ರದಲ್ಲಿ ನಕ್ಷೆ ಒಳಗೇ ಇರುತ್ತದೆ. ಆದರೆ ಕಾಲಕಾಲಕ್ಕೆ ಹೊಸದಾಗಿಸದಿದ್ದರೆ ಕಳೆದ ವರ್ಷದ ಪಂಚಾಂಗದಂತಾಗುತ್ತದೆ. ಯಾವುದೇ ಆಗಲಿ, ಗಾಜಿನ ಮೂಲೆಯಲ್ಲಿ ಕಣ್ಣಿಗೆ ಅಡ್ಡ ಬರದಂತೆ ಕೂರಿಸಿ, ಹೋಗುವ ಊರನ್ನು ಹೊರಡುವ ಮೊದಲೇ ನಮೂದಿಸಿ, ಕನ್ನಡದ ದನಿಯನ್ನು ಆರಿಸಿಕೊಳ್ಳಿ ಎಂದೆ. 2020ರ ಅಕ್ಟೋಬರಿನಿಂದ ನಮ್ಮ ದೇಶದ ನಿಯಮವೂ ಚಾಲಕನ ಗಮನ ಕೆಡದಂತೆ, ದಾರಿ ನೋಡುವುದಕ್ಕೆ ಮಾತ್ರ ಇಂಥ ಸಾಧನದ ಬಳಕೆಯನ್ನು ಒಪ್ಪಿದೆ. ಪದಕವನ್ನು ಸ್ವಲ್ಪ ಪಕ್ಕಕ್ಕೆ ಅಂಟಿಸಿದರೂ ಸಂತರು ಬೇಸರಪಡುವುದಿಲ್ಲ. 1969ರಲ್ಲಿ ಧರ್ಮಸಭೆ ತನ್ನ ಸಾರ್ವತ್ರಿಕ ಪಂಚಾಂಗದಿಂದ ಅವರ ಹಬ್ಬವನ್ನು ಕೈಬಿಟ್ಟಾಗಲೂ ಅವರು ಸಂತರಾಗಿಯೇ ಉಳಿದರು.

ಇಷ್ಟು ಹೇಳಿ ಕಳುಹಿಸಿದೆ. ಹೇಳದೆ ಉಳಿದದ್ದು ಬೇರೆಯೇ ಇತ್ತು.

ಈ ಯಂತ್ರ ಕೆಲಸ ಮಾಡುವ ಬಗೆಯನ್ನು ತಿಳಿದರೆ ಆಶ್ಚರ್ಯವಾಗುತ್ತದೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಅಮೆರಿಕದ ಉಪಗ್ರಹಗಳು ಭೂಮಿಯನ್ನು ಸುತ್ತುತ್ತಿವೆ. ಅವು ನಮ್ಮನ್ನು ನೋಡುವುದಿಲ್ಲ. ತಾನು ಇಂಥ ಕಡೆ ಇದ್ದೇನೆ, ಈಗ ಸಮಯ ಇಷ್ಟು, ಎಂಬುದನ್ನಷ್ಟೇ ಪ್ರತಿಯೊಂದೂ ಸಾರುತ್ತದೆ. ಕಾರಿನಲ್ಲಿರುವ ಯಂತ್ರ ಕನಿಷ್ಠ ನಾಲ್ಕು ಉಪಗ್ರಹಗಳ ಮಾತನ್ನು ಕೇಳಿ, ಅದು ಬಂದು ಮುಟ್ಟಲು ಹಿಡಿದ ಕಾಲವನ್ನು ಅಳೆದು, ನಾವಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ಸೈನ್ಯಕ್ಕೆಂದು ಹುಟ್ಟಿದ ಈ ವ್ಯವಸ್ಥೆ ನಮ್ಮಂಥವರಿಗೂ ತೆರೆದುಕೊಂಡದ್ದರ ಹಿಂದೆ ದಾರಿ ತಪ್ಪಿದವರ ಸಾವಿದೆ. 1983ರ ಸೆಪ್ಟೆಂಬರ್ 1ರಂದು ಕೊರಿಯಾದ ಪ್ರಯಾಣಿಕ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಹೋಯಿತು. ಅದನ್ನು ಹೊಡೆದುರುಳಿಸಲಾಗಿ 269 ಜನ ಸತ್ತರು. ಆ ಬಳಿಕವೇ ಅಮೆರಿಕದ ಅಧ್ಯಕ್ಷರು ಇದನ್ನು ಎಲ್ಲರಿಗೂ ಮುಕ್ತಗೊಳಿಸುವುದಾಗಿ ಘೋಷಿಸಿದರು.

ನಮ್ಮ ದೇಶವೂ 2013ರಿಂದ 2016ರೊಳಗೆ ಏಳು ಉಪಗ್ರಹಗಳನ್ನು ಹಾರಿಸಿ ‘ನಾವಿಕ್’ ಎಂಬ ತನ್ನದೇ ವ್ಯವಸ್ಥೆಯನ್ನು ಕಟ್ಟಿತು. ಬೆಂಗಳೂರಿನ ಹತ್ತಿರದ ಬ್ಯಾಲಾಳು ಅದರ ಕೇಂದ್ರ. ಹಾಸನಕ್ಕೂ ಅದರಲ್ಲಿ ಪಾತ್ರವಿದೆ. ಆ ಸಾಲಿನ ಮೊದಲ ಉಪಗ್ರಹದ ಮೂರೂ ಪರಮಾಣು ಗಡಿಯಾರಗಳು ಕೆಟ್ಟವು. ಉಪಗ್ರಹ ಆಕಾಶದಲ್ಲೇ ಇತ್ತು, ಆದರೆ ಗಡಿಯಾರ ಕೆಟ್ಟ ಮೇಲೆ ದಾರಿ ತೋರಿಸಲು ಬಾರದಾಯಿತು. 2023ರ ಮೇ ತಿಂಗಳಲ್ಲಿ ಹಾರಿದ ಹೊಸ ಉಪಗ್ರಹದಲ್ಲಿ ನಮ್ಮ ದೇಶದಲ್ಲೇ ತಯಾರಾದ ಪರಮಾಣು ಗಡಿಯಾರವಿದೆ.

ಇದನ್ನೆಲ್ಲ ಓದಿದ ಉತ್ಸಾಹದಲ್ಲಿ ಒಂದು ಭಾನುವಾರ ನಾನು ಪ್ರಬೋಧನೆಯಲ್ಲಿ, “ಮನಸ್ಸಾಕ್ಷಿಯೆಂದರೆ ದೇವರು ನಮ್ಮೊಳಗಿಟ್ಟ ಜಿಪಿಎಸ್” ಎಂದಿದ್ದೆ. ಜನ ತಲೆದೂಗಿದರು. ಯುವಕರಿಗೆ ಬಹಳ ಇಷ್ಟವಾಯಿತು. ನೀವೂ ಎಲ್ಲಾದರೂ ಈ ಹೋಲಿಕೆಯನ್ನು ಕೇಳಿರಬಹುದು. ಈಗ ಅದನ್ನು ಹಿಂದಕ್ಕೆ ಪಡೆಯುತ್ತೇನೆ.

ಏಕೆಂದರೆ, ಎಲ್ಲಿಗೆ ಎಂದು ಕೇಳುವ ಈ ಯಂತ್ರ ಏಕೆ ಎಂದು ಎಂದೂ ಕೇಳುವುದಿಲ್ಲ. ಹರಿಹರದ ಆರೋಗ್ಯ ಮಾತೆಯ ಬೆಸಿಲಿಕಾಕ್ಕೆ ಹರಕೆ ತೀರಿಸಲು ಹೊರಟವನಿಗೂ, ಹೆಂಡತಿಗೆ ಸುಳ್ಳು ಹೇಳಿ ಯಾವುದೋ ಲಾಡ್ಜಿಗೆ ಹೊರಟವನಿಗೂ ಅದರ ದನಿ ಒಂದೇ, ಅದರ ಸೌಜನ್ಯ ಒಂದೇ. ತಿರುವು ತಪ್ಪಿದರೆ ಗದರುವುದಿಲ್ಲ, ಹೊಸ ದಾರಿ ಲೆಕ್ಕ ಹಾಕುತ್ತದೆ. ಇದನ್ನು ದೇವರ ತಾಳ್ಮೆಗೆ ಹೋಲಿಸುವವರಿದ್ದಾರೆ. ನನಗೇನೋ ಒಪ್ಪಿಗೆಯಿಲ್ಲ. ತಪ್ಪು ಎಂದು ಹೇಳಲಾರದ್ದು ಕ್ಷಮಿಸುವುದಾದರೂ ಹೇಗೆ? ಮನಸ್ಸಾಕ್ಷಿ ಹಾಗಲ್ಲ. ಹೊರಡುವ ಮುನ್ನವೇ ಅದು ಬಾಗಿಲಲ್ಲಿ ನಿಂತು, ಎಲ್ಲಿಗೆ, ಏಕೆ, ಯಾರನ್ನು ಬಿಟ್ಟು ಹೋಗುತ್ತಿದ್ದೀ ಎಂದು ಕೇಳುತ್ತದೆ. ಉತ್ತರ ಕೊಡಬೇಕಾದವನು ನಾನೇ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಹರಿಹರದ ಕಡೆಯ ಒಂದು ರಾತ್ರಿ ಕಲಿಸಿತು.

ಭತ್ತದ ಕೊಯ್ಲಿನ ಕಾಲ. ರಾತ್ರಿ ಎಂಟರ ಸುಮಾರಿಗೆ ಫೋನು ಬಂತು. ಭದ್ರಾ ನಾಲೆಯ ಆಚೆಗಿನ ಒಂದು ಕ್ಯಾಂಪಿನಲ್ಲಿ ವೃದ್ಧರೊಬ್ಬರಿಗೆ ತೀರಾ ಹುಷಾರಿಲ್ಲ. ಫಾದರ್ ಬರಬೇಕು, ಪಾಪನಿವೇದನೆ ಮಾಡಬೇಕು ಎಂದು ಅವರೇ ಬಾಯಿಬಿಟ್ಟು ಕೇಳಿದ್ದಾರೆ ಎಂದು ಮಗಳು ಹೇಳಿದಳು. ಎಷ್ಟೋ ವರ್ಷ ದೇವಾಲಯದ ಕಡೆ ತಲೆಹಾಕದಿದ್ದವರು. “ಲೊಕೇಷನ್ ಕಳಿಸಮ್ಮ, ಬರ್ತೀನಿ” ಎಂದೆ. ಅವಳು ಕಳಿಸಿದಳು. ಇನ್ನೂ ಏನೋ ಹೇಳುತ್ತಿದ್ದಳು. ಯಂತ್ರವಿದೆಯಲ್ಲ ಎಂದುಕೊಂಡು ನಾನು ಫೋನಿಟ್ಟೆ. ಪರಮಪ್ರಸಾದವನ್ನೂ ಪವಿತ್ರ ತೈಲವನ್ನೂ ತೆಗೆದುಕೊಂಡು ಹೊರಟೆ.

ಹೆದ್ದಾರಿ ಬಿಟ್ಟು ಒಳರಸ್ತೆಯಲ್ಲಿ ಸ್ವಲ್ಪ ದೂರ ಹೋದ ಮೇಲೆ ಒಂದು ಕ್ರಾಸಿನಲ್ಲಿ ಹತ್ತು ಹನ್ನೆರಡು ವರ್ಷದ ಹುಡುಗನೊಬ್ಬ ಬ್ಯಾಟರಿ ಬೀಸುತ್ತಾ ನಿಂತಿದ್ದ. ಡ್ರಾಪ್ ಕೇಳುತ್ತಿದ್ದಾನೆ ಎಂದುಕೊಂಡೆ. ನನಗೆ ಅವಸರ. ಯಂತ್ರ ‘ನೇರವಾಗಿ ಹೋಗಿ’ ಎಂದಿತ್ತು. ನೇರವಾಗಿ ಹೋದೆ.

ಮುಂದೆ ಅದು ನನ್ನನ್ನು ನಾಲೆಯ ಏರಿಯ ಮೇಲೆ ಹತ್ತಿಸಿತು. ನಕ್ಷೆಯಲ್ಲಿ ಅದು ರಸ್ತೆ. ನೆಲದ ಮೇಲೆ ಅದು ಟ್ರ್ಯಾಕ್ಟರಿನ ಗಾಲಿಯ ಎರಡು ಗೆರೆ. ಒಂದು ಕಡೆ ಕತ್ತಲೆಯ ನೀರು, ಇನ್ನೊಂದು ಕಡೆ ಗದ್ದೆ. ಅರ್ಧ ದಾರಿಯಲ್ಲಿ ಭತ್ತ ಕೊಯ್ಯುವ ಯಂತ್ರವೊಂದು ಅಡ್ಡ ನಿಂತಿತ್ತು, ಯಾರೂ ಇರಲಿಲ್ಲ. ತಿರುಗಿಸಲು ಜಾಗವಿಲ್ಲ. ಫೋನಿಗೆ ನೆಟ್‌ವರ್ಕ್ ಇಲ್ಲ. ಆ ಕತ್ತಲಲ್ಲಿ ಕಾರನ್ನು ಹಿಂದಕ್ಕೆ ಬಿಟ್ಟುಕೊಂಡು ಬರುವಾಗಲೂ ಆ ದನಿ ಅಷ್ಟೇ ಮೃದುವಾಗಿ, ಮುನ್ನೂರು ಮೀಟರ್ ಮುಂದೆ ನಿಮ್ಮ ಸ್ಥಳವಿದೆ ಎನ್ನುತ್ತಿತ್ತು. ಅದು ಸುಳ್ಳೇನೂ ಹೇಳಿರಲಿಲ್ಲ.

ಮರಳಿ ಕ್ರಾಸಿಗೆ ಬಂದಾಗ ಮುಕ್ಕಾಲು ಗಂಟೆ ಕಳೆದಿತ್ತು. ಹುಡುಗ ಅಲ್ಲೇ ಇದ್ದ. ಬ್ಯಾಟರಿಯ ಬೆಳಕು ಮಂಕಾಗಿತ್ತು. “ಫಾದರ್, ನಿಮ್ಮನ್ನು ಕರ್ಕೊಂಡು ಬಾ ಅಂತ ಅಮ್ಮ ನಿಲ್ಸಿದ್ರು” ಎಂದ. ಅವಳು ಫೋನಿನಲ್ಲಿ ಹೇಳಹೊರಟಿದ್ದು ಅದೇ.

ಮನೆ ಮುಟ್ಟಿದಾಗ ಅಜ್ಜನಿಗೆ ಉಸಿರಿತ್ತು, ಮಾತು ನಿಂತಿತ್ತು. ರೋಗಿಗಳ ತೈಲಲೇಪನ ಸಂಸ್ಕಾರ ಕೊಟ್ಟೆ. ಪಾಪನಿವೇದನೆ ಮಾಡಲಾಗದ ರೋಗಿಗೆ ಈ ಸಂಸ್ಕಾರದಲ್ಲೇ ಪಾಪಕ್ಷಮೆಯೂ ದೊರೆಯುತ್ತದೆ ಎಂಬುದು ಧರ್ಮಸಭೆಯ ಬೋಧನೆ. ಅದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಅವರ ಮನೆಯವರಿಗೂ ಅದನ್ನೇ ಹೇಳಿದೆ. ಆದರೆ ಆ ಮನುಷ್ಯ ತನ್ನ ಬಾಯಿಂದಲೇ ಹೇಳಬೇಕೆಂದು ಅಷ್ಟು ವರ್ಷಗಳ ನಂತರ ಮನಸ್ಸು ಮಾಡಿದ್ದ. ಕೇಳಬೇಕಾದ ಕಿವಿ ನಾಲೆಯ ಏರಿಯ ಮೇಲೆ ಯಂತ್ರದ ಮಾತು ಕೇಳುತ್ತಿತ್ತು. ಬೆಳಗಿನ ಜಾವ ಅವರು ತೀರಿಕೊಂಡರು.

ನಾನು ಯಂತ್ರವನ್ನು ದೂರುವುದಿಲ್ಲ. ಅದಕ್ಕೆ ಗೊತ್ತಿದ್ದುದನ್ನು ಅದು ಹೇಳಿತು. ನನ್ನನ್ನು ಇಂದಿಗೂ ಕಾಡುವುದು ತಡವಾದದ್ದೂ ಅಲ್ಲ. ತಡ ಯಾರಿಗಾದರೂ ಆಗುತ್ತದೆ. ಕೈಬೀಸಿದ ಹುಡುಗನನ್ನು ನೋಡಿಯೂ ಮುಂದೆ ಹೋದೆನಲ್ಲ, ಅದು. ಸಂತ ಲೂಕರ ಶುಭಸಂದೇಶದಲ್ಲಿ ಗಾಯಗೊಂಡವನನ್ನು ಕಂಡು ಆಚೆ ಬದಿಯಿಂದ ಹಾದುಹೋದ ಯಾಜಕನ ಬಗ್ಗೆ ಎಷ್ಟು ಸಲ ಬೋಧಿಸಿದ್ದೇನೋ! ಆ ಯಾಜಕನಿಗೂ ಯಾವುದೋ ಅವಸರ ಇದ್ದಿರಬೇಕು.

ಗುರುಮಠದಲ್ಲಿ ಸಂತ ಥಾಮಸ್ ಅಕ್ವಿನಾಸರನ್ನು ಓದುವಾಗ ವಿವೇಕವೆಂಬ ಸದ್ಗುಣದ ಅಂಗಗಳನ್ನು ಬಾಯಿಪಾಠ ಮಾಡಿದ್ದೆವು. ಅವುಗಳಲ್ಲಿ ಒಂದು, ಇತರರಿಂದ ಕಲಿಯುವ ಮನಸ್ಸು. ಮಾಡಬೇಕಾದ ಕೆಲಸಗಳ ವಿಷಯದಲ್ಲಿ ಯಾರೊಬ್ಬರೂ ತಮಗೆ ತಾವೇ ಸಾಲುವುದಿಲ್ಲ, ಎಷ್ಟೇ ಕಲಿತವರಾದರೂ ಬೇರೆಯವರ, ಅದರಲ್ಲೂ ಹಿರಿಯರ ಮಾತಿಗೆ ಕಿವಿಗೊಡಬೇಕು ಎಂಬುದು ಅವರ ಅಭಿಪ್ರಾಯ. ಹಾಗಾದರೆ ಯಂತ್ರದ ಮಾತು ಕೇಳುವುದೂ ಇದೇ ಸದ್ಗುಣವಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ, ನಾನೂ ಇದನ್ನು ಬಹಳ ಯೋಚಿಸಿದ್ದೇನೆ. ನಕ್ಷೆ ಎಂಬುದೂ ಎಷ್ಟೋ ಜನರ ತಿಳಿವಳಿಕೆಯ ಮೊತ್ತವೇ. ಅದನ್ನು ತಿರಸ್ಕರಿಸಿ ಎಲ್ಲಾ ನನಗೆ ಗೊತ್ತು ಎನ್ನುವುದು ಅಹಂಕಾರ. ಆದರೆ ಅದೇ ಅಕ್ವಿನಾಸರು ಅದೇ ವಿವೇಕಕ್ಕೆ ಸುತ್ತಮುತ್ತ ನೋಡುವುದನ್ನೂ ಅಂಗವಾಗಿ ಸೇರಿಸಿದ್ದಾರೆ. ಒಳ್ಳೆಯದೆಂದು ಕಾಣುವ ಕ್ರಿಯೆಯೂ ಈ ಹೊತ್ತಿಗೆ, ಈ ಸಂದರ್ಭಕ್ಕೆ ಒಪ್ಪುತ್ತದೆಯೇ ಎಂದು ಕಣ್ಣುಬಿಟ್ಟು ನೋಡಬೇಕು. ಕಿವಿ ಕೊಟ್ಟೆ ಎಂದು ಕಣ್ಣು ಮುಚ್ಚಿಕೊಂಡರೆ ಅದನ್ನು ವಿಧೇಯತೆ ಎನ್ನಲಾಗದು, ಅದು ಸೋಮಾರಿತನ. ನನ್ನದು ಅದೇ ಆಗಿತ್ತು.

2024ರ ನವೆಂಬರ್ 24ರಂದು ಉತ್ತರಪ್ರದೇಶದ ಬರೇಲಿಯ ಬಳಿ ನಕ್ಷೆಯನ್ನು ನಂಬಿ ಹೊರಟ ಕಾರೊಂದು ಪೂರ್ಣವಾಗದ ಸೇತುವೆಯಿಂದ ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಪೊಲೀಸರು ಲೋಕೋಪಯೋಗಿ ಇಲಾಖೆಯ ಎಂಜಿನಿಯರುಗಳ ಮೇಲೆ ಪ್ರಕರಣ ದಾಖಲಿಸಿದರು. ನಕ್ಷೆಯ ಕಂಪನಿಯ ಹೆಸರೂ ಬಂತು. ಸತ್ತವರನ್ನು ದೂರುವ ಮನಸ್ಸು ನನಗಿಲ್ಲ, ಆ ಸ್ಥಿತಿಯಲ್ಲಿ ನಾವು ಯಾರಾದರೂ ಇರಬಹುದಿತ್ತು. ಆದರೆ ನೋಡಿ, ಸೇತುವೆ ತುಂಡಾಗಿದೆ ಎಂಬುದು ಅಕ್ಕಪಕ್ಕದ ಹಳ್ಳಿಯ ಎಮ್ಮೆ ಕಾಯುವ ಹುಡುಗನಿಗೂ ಗೊತ್ತಿದ್ದೀತು. ಅವನನ್ನು ಕೇಳುವ ರೂಢಿ ನಮ್ಮಿಂದ ಹೊರಟುಹೋಗಿದೆ. ಬಡವನೊಬ್ಬನಿಗೆ ಉಳ್ಳವರಿಗೆ ಕೊಡಲು ಒಂದು ವಸ್ತುವಾದರೂ ಇತ್ತು: ತನ್ನೂರಿನ ದಾರಿ. ಗಾಜು ಏರಿಸಿಕೊಂಡು ಹೋಗುವ ನಾವು ಅದನ್ನೂ ಬೇಡವೆಂದಿದ್ದೇವೆ.

ಮೂಡಣ ದೇಶದ ಜ್ಞಾನಿಗಳನ್ನು ನೆನೆಯಿರಿ. ಅವರಿಗೆ ಆಕಾಶದಲ್ಲಿ ನಕ್ಷತ್ರವಿತ್ತು, ಅದೂ ದೇವರೇ ಇಟ್ಟದ್ದು. ಆದರೂ ಜೆರುಸಲೇಮಿನಲ್ಲಿ ನಿಂತು, ಕೂಸು ಎಲ್ಲಿ ಹುಟ್ಟಿದೆ ಎಂದು ಕೇಳಿದರು. ಪರದೇಶದ ವಿದ್ವಾಂಸರು, ಬೀದಿಯಲ್ಲಿ ನಿಂತು ಕೇಳಲು ನಾಚಲಿಲ್ಲ. ಇನ್ನು, ಹೆರೋದನ ಆಸ್ಥಾನದ ಶಾಸ್ತ್ರಿಗಳು ಗ್ರಂಥ ನೋಡಿ ಬೆತ್ಲೆಹೇಮ್ ಎಂದು ಸರಿಯಾಗಿಯೇ ಹೇಳಿದರು, ಆದರೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ನಾವು ಗುರುಗಳು ಎಷ್ಟೋ ಸಲ ಆ ಶಾಸ್ತ್ರಿಗಳಂತೆ, ಹೆದ್ದಾರಿಯ ಮೈಲಿಗಲ್ಲಿನಂತೆ, ಊರ ಹೆಸರು ಹೇಳಿ ನಿಂತಲ್ಲೇ ನಿಂತಿರುತ್ತೇವೆ. ಇದು ಪಕ್ಕದ ಮಾತಾಯಿತು, ಇರಲಿ.

ಅಜ್ಜನ ಮೂವತ್ತನೆಯ ದಿನದ ಪೂಜೆಗೆಂದು ಆ ಕ್ಯಾಂಪಿಗೆ ಮತ್ತೆ ಹೋದೆ. ಯಂತ್ರವನ್ನು ಮನೆಯಲ್ಲಿ ಬಿಟ್ಟೇನೂ ಹೋಗಲಿಲ್ಲ. ಹೆದ್ದಾರಿಯ ತನಕ ಅದರ ಮಾತನ್ನೇ ಕೇಳಿದೆ. ಕ್ರಾಸು ಬಂದಾಗ ಅದರ ದನಿ ನಿಲ್ಲಿಸಿದೆ. ಹಾಡುಹಗಲು, ಆದರೂ ಹುಡುಗ ಬ್ಯಾಟರಿ ಹಿಡಿದುಕೊಂಡೇ ನಿಂತಿದ್ದ. ಬಾಗಿಲು ತೆರೆದೆ. ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತು, “ಎಡಕ್ಕೆ ಫಾದರ್” ಎಂದ. ಸ್ವಲ್ಪ ದೂರ ಹೋದ ಮೇಲೆ, “ಇಲ್ಲಿ ನಿಧಾನ, ಕೋಳಿ ಓಡಾಡ್ತಾವೆ.” ಆಮೇಲೆ ಹೆಂಚಿನ ಮನೆಯೊಂದರ ಮುಂದೆ, “ಇಲ್ಲಿ ಹಾರ್ನ್ ಹಾಕ್ಬೇಡ್ರಿ, ಅಕ್ಕನಿಗೆ ಪಾಪು ಆಗೈತೆ, ಮಲಗಿರುತ್ತೆ” ಎಂದ. ನಾನು ಹಾರ್ನಿನಿಂದ ಕೈ ತೆಗೆದೆ.