ಮಿಠಾಯಿ ಅಂಗಡಿಯ ಮುಂದೆ

1944ರ ನವೆಂಬರಿನಲ್ಲಿ ಆಂಧ್ರದ ಕಡೆಯವರೊಬ್ಬರು ಗಾಂಧೀಜಿಯನ್ನು ಕಾಣಲು ಸೇವಾಗ್ರಾಮಕ್ಕೆ ಬಂದರು. ಗೋಪರಾಜು ರಾಮಚಂದ್ರ ರಾವ್ ಎಂದು ಹೆಸರು. ಜನ ಕರೆಯುತ್ತಿದ್ದುದು ಗೋರಾ ಎಂದು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದವರು, ದೇವರಿಲ್ಲ ಎಂದು ಸಾರಿಕೊಂಡು ತಿರುಗಿ ಕೆಲಸ ಕಳೆದುಕೊಂಡಿದ್ದರು. ಅದಕ್ಕೂ ಮೊದಲೇ, ಜನಿವಾರ ಹಾಕುವುದಿಲ್ಲ ಎಂದದ್ದಕ್ಕೆ ಹುಟ್ಟಿದ ಮನೆಯ ಬಾಗಿಲೂ ಮುಚ್ಚಿತ್ತು. ಇಂಥವರಿಗೂ ಬೆಳಿಗ್ಗೆ ಸಂಜೆ ಪ್ರಾರ್ಥನೆಗೆ ಕೂರುವ ಗಾಂಧೀಜಿಗೂ ಎಷ್ಟು ಹೊತ್ತು ಮಾತು ನಡೆದೀತು?

ನಡೆಯಿತು, ವರ್ಷಗಟ್ಟಲೆ ನಡೆಯಿತು. ಗೋರಾ ಅಲ್ಲಿ ಕಲ್ಕತ್ತೆಯ ಮಿಠಾಯಿ ಅಂಗಡಿಗಳ ಸುದ್ದಿ ಎತ್ತಿದರು. ಬಂಗಾಳದ ಕ್ಷಾಮದ ಕಾಲದಲ್ಲಿ ಅವರು ಆ ಊರಿಗೆ ಹೋಗಿದ್ದರು. ಹಳ್ಳಿಗಳಿಂದ ಬಂದ ಜನ ಬೀದಿಯಲ್ಲಿ ಹಸಿದು ಬೀಳುತ್ತಿದ್ದರು. ಅವರ ಕಣ್ಣೆದುರಿಗೇ ಅಂಗಡಿಗಳಲ್ಲಿ ಸಿಹಿ ಪೇರಿಸಿಟ್ಟಿತ್ತು. ಯಾರೂ ಕಿತ್ತುಕೊಂಡು ತಿನ್ನಲಿಲ್ಲ. ಯಾಕೆ? ಗೋರಾ ಅವರ ಲೆಕ್ಕ ಸರಳ. ಇದು ದೇವರು ಕೊಟ್ಟ ಪಾಡು, ನನ್ನ ಹಣೆಬರಹ ಎಂದುಕೊಂಡವನ ಕೈ ಮೇಲೇಳುವುದಿಲ್ಲ. ದೇವರಿಲ್ಲ ಎಂದು ಗೊತ್ತಿದ್ದರೆ ಕಿತ್ತುಕೊಳ್ಳುತ್ತಿದ್ದ, ಬದುಕುತ್ತಿದ್ದ.

ಗಾಂಧೀಜಿ ಕೇಳಿಸಿಕೊಂಡರು. ನನ್ನ ಆಸ್ತಿಕತೆಯೇ ಸರಿ ಎಂದಾಗಲಿ ನಿಮ್ಮ ನಾಸ್ತಿಕತೆ ತಪ್ಪು ಎಂದಾಗಲಿ ಹೇಳಲಾರೆ ಎಂಬರ್ಥದ ಮಾತನ್ನೂ ಆಡಿದರು. ಗೋರಾ ಇದನ್ನೆಲ್ಲ ‘ಆ್ಯನ್ ಏಥಿಯಿಸ್ಟ್ ವಿತ್ ಗಾಂಧಿ’ ಎಂಬ ಸಣ್ಣ ಪುಸ್ತಕದಲ್ಲಿ ಬರೆದಿಟ್ಟರು. ಅದು ಅಚ್ಚಾದದ್ದು 1951ರಲ್ಲಿ.

ಆ ಮಿಠಾಯಿ ಅಂಗಡಿ ನನ್ನ ತಲೆಯಿಂದ ಹೋಗುವುದಿಲ್ಲ. ಗೋರಾ ಕಂಡದ್ದು ನಿಜ. ಕೊಟ್ಟ ಕಾರಣವನ್ನು ಪೂರ್ತಿ ಒಪ್ಪಲು ನನಗೆ ಆಗಿಲ್ಲ. ವಾರಗಟ್ಟಲೆ ಅನ್ನ ಕಾಣದವನ ಕೈಯಲ್ಲಿ ಬೀಗ ಮುರಿಯುವ ಕಸುವು ಎಲ್ಲಿರುತ್ತದೆ? ಅಂಗಡಿಯ ಹಿಂದೆ ಪೊಲೀಸರಿದ್ದರು, ಸರ್ಕಾರವಿತ್ತು. ಜೀವಮಾನವೆಲ್ಲ ಜಮೀನ್ದಾರನ ಮುಂದೆ ಬಗ್ಗಿ ನಿಂತ ಬೆನ್ನು ಒಂದೇ ದಿನದಲ್ಲಿ ನೆಟ್ಟಗಾಗುವುದೂ ಇಲ್ಲ. ಅಮರ್ತ್ಯ ಸೇನ್ ಆ ಕ್ಷಾಮದ ಬೆಲೆ, ಕೂಲಿ, ದಾಸ್ತಾನು ಎಲ್ಲವನ್ನೂ ಎಣಿಸಿ ಬರೆದರು. ಲಕ್ಷಾಂತರ ಜನರನ್ನು ಕೊಂದದ್ದು ಅಕ್ಕಿಯ ಬೆಲೆ ಎಂದರು, ದೇವರನ್ನು ಸಾಕ್ಷಿಗೂ ಕರೆಯಲಿಲ್ಲ. ಬೀದಿಯಲ್ಲಿ ಬಿದ್ದಿದ್ದವರಲ್ಲೇ ಯಾರೋ ಒಬ್ಬ ತಾಯಿಗೆ ಗಂಜಿ ಸಿಕ್ಕಿರುತ್ತದೆ. ಆ ತಾಯಿ ಮಗುವಿನ ಬಾಯಿಗೆ ಗಂಜಿ ಹಾಕುತ್ತಾ ದೇವರು ದೊಡ್ಡವನು ಎಂದಿದ್ದರೆ, ಅವಳಿಗೆ ತಿರುಗಿ ಹೇಳುವ ಮಾತು ಗೋರಾ ಅವರ ಹತ್ತಿರವೂ ಇರಲಿಲ್ಲವೇನೋ. ಒಂದೇ ಬೀದಿ, ಒಂದೇ ಹಸಿವು. ಅದನ್ನು ನೋಡಿದವರೊಬ್ಬರು ದೇವರನ್ನು ಬಿಡಿ ಎಂದು ಊರೂರು ತಿರುಗುತ್ತಾರೆ, ಉಂಡವಳೊಬ್ಬಳು ಕೈಮುಗಿಯುತ್ತಾಳೆ.

ಇದರ ಇನ್ನೊಂದು ಮಗ್ಗುಲನ್ನು ಗಾಂಧೀಜಿಯೇ ತೋರಿಸಿದ್ದರು, ಹತ್ತು ವರ್ಷ ಮೊದಲು. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾಯಿತು. ಆಗ ತಮಿಳುನಾಡಿನಲ್ಲಿ ಹರಿಜನ ಯಾತ್ರೆಯಲ್ಲಿದ್ದ ಗಾಂಧೀಜಿ, ಇದು ನಮ್ಮ ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದುಬಿಟ್ಟರು. ರವೀಂದ್ರನಾಥ ಠಾಕೂರರು ನೊಂದುಕೊಂಡು, ಇಂಥ ಮಾತು ಜನರ ಅವಿವೇಕಕ್ಕೆ ನೀರೆರೆಯುತ್ತದೆ ಎಂದು ಬರೆದರು. ಅದನ್ನು ಗಾಂಧೀಜಿ ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚುಹಾಕಿ, ಪಕ್ಕದಲ್ಲಿ ಉತ್ತರ ಬರೆದರು. ಹೇಳಿದ್ದನ್ನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ. ಠಾಕೂರರೇನು ನಾಸ್ತಿಕರಲ್ಲ. ಇಬ್ಬರು ಆಸ್ತಿಕರ ಜಗಳ ಅದು.

ಈ ವಿಷಯದಲ್ಲಿ ನಾನು ಠಾಕೂರರ ಕಡೆ. ಬಿಹಾರದ ಮಣ್ಣಿನಡಿ ಸಿಕ್ಕಿದವರಲ್ಲಿ ಅಸ್ಪೃಶ್ಯತೆಯನ್ನು ಉಂಡವರೂ ಇದ್ದರಲ್ಲ? ಆದರೆ ಗಾಂಧೀಜಿ ಮತ್ತು ಗೋರಾ ಇಬ್ಬರನ್ನೂ ಪಕ್ಕಪಕ್ಕ ಕೂರಿಸಿ ನೋಡಿದರೆ ಒಂದು ಸೋಜಿಗ ಕಾಣುತ್ತದೆ. ಇಬ್ಬರ ಸಿಟ್ಟೂ ಒಂದೇ, ಅಸ್ಪೃಶ್ಯತೆಯ ಮೇಲೆ. ಆ ಸಿಟ್ಟಿಗೆ ಒಬ್ಬರು ದೇವರನ್ನು ಜೊತೆಗೆ ಕರೆದುಕೊಂಡರು. ಇನ್ನೊಬ್ಬರು, ಆ ಮೇಲುಕೀಳಿನ ಕಂಬ ನಿಂತಿರುವುದೇ ದೇವರ ಬುಡದ ಮೇಲೆ ಎಂದು ಬುಡವನ್ನೇ ಅಗೆಯಲು ಹೊರಟರು. ಮಾಡಬೇಕಾದ ಕೆಲಸ ಮೊದಲೇ ಗೊತ್ತಾಗಿತ್ತು. ದೇವರು ಇದ್ದಾನೋ ಇಲ್ಲವೋ ಎಂಬುದು ಆ ಕೆಲಸಕ್ಕೆ ಕೈಕೊಡುವಂತೆ ಆಮೇಲೆ ಬಂದು ಕೂತಿತು. ಹೆಚ್ಚಿನವರ ಬದುಕಿನಲ್ಲಿ ಇದು ಹೀಗೆಯೇ ನಡೆಯುತ್ತದೆ ಎಂದು ನನಗೆ ಅನ್ನಿಸುತ್ತದೆ. ವಾದದಲ್ಲಿ ಸೋತು ದೇವರನ್ನು ಬಿಟ್ಟವರನ್ನು ನಾನು ಕಂಡಿಲ್ಲ. ವಾದದಲ್ಲಿ ಗೆದ್ದು ದೇವರನ್ನು ಪಡೆದವರನ್ನೂ ಕಂಡಿಲ್ಲ.

ವಾದದ ಒಂದು ಪ್ರಸಂಗ ಗಾಂಧೀಜಿಯ ಆತ್ಮಕಥೆಯಲ್ಲೇ ಇದೆ. 1891ರಲ್ಲಿ ಲಂಡನ್ನಿನಲ್ಲಿ ಓದುತ್ತಿದ್ದಾಗ ಅವರು ಚಾರ್ಲ್ಸ್ ಬ್ರ್ಯಾಡ್ಲಾ ಎಂಬ ಪ್ರಸಿದ್ಧ ನಾಸ್ತಿಕರ ಅಂತ್ಯಕ್ರಿಯೆಗೆ ಹೋಗಿದ್ದರು. ಬ್ರ್ಯಾಡ್ಲಾ ಪಾರ್ಲಿಮೆಂಟಿನಲ್ಲಿ ಭಾರತದ ಪರ ಮಾತಾಡುತ್ತಿದ್ದವರು, 1889ರ ಮುಂಬಯಿ ಕಾಂಗ್ರೆಸ್ಸಿಗೂ ಬಂದಿದ್ದವರು. ಲಂಡನ್ನಿನಲ್ಲಿದ್ದ ಭಾರತೀಯರೆಲ್ಲ ಅಂದು ಅಲ್ಲಿ ಸೇರಿದ್ದರು. ವಾಪಸು ಬರುವಾಗ ಸ್ಟೇಷನ್ನಿನಲ್ಲಿ ನಾಸ್ತಿಕನೊಬ್ಬ ಪಾದ್ರಿಯನ್ನು ಹಿಡಿದುಕೊಂಡ. ಭೂಮಿಯ ಸುತ್ತಳತೆ 28,000 ಮೈಲಿ ಎಂದು ಒಪ್ಪುತ್ತೀರಲ್ಲ, ಹಾಗಾದರೆ ನಿಮ್ಮ ದೇವರ ಅಳತೆ ಎಷ್ಟು, ಇರುವುದೆಲ್ಲಿ ಎಂದು ಕೇಳಿದ. ನಮ್ಮಿಬ್ಬರ ಹೃದಯದಲ್ಲೇ ಇದ್ದಾನೆ ಎಂದರು ಪಾದ್ರಿ. ನಾನೇನು ಮಗುವೇ ಎಂದು ಆತ ಗೆದ್ದವನ ಹಾಗೆ ಸುತ್ತಲೂ ನೋಡಿದ. ಇದನ್ನು ಕೇಳಿಸಿಕೊಂಡ ಹುಡುಗ ಗಾಂಧಿಗೆ ನಾಸ್ತಿಕತೆಯ ಮೇಲಿದ್ದ ಬೇಸರ ಇನ್ನಷ್ಟು ಹೆಚ್ಚಾಯಿತೇ ಹೊರತು ಬೇರೇನೂ ಆಗಲಿಲ್ಲ. (ಅಂದಹಾಗೆ ಭೂಮಿಯ ಸುತ್ತಳತೆ 25,000 ಮೈಲಿಗಿಂತ ಚೂರು ಕಡಿಮೆ. ಆ ನಾಸ್ತಿಕನ ಲೆಕ್ಕವೂ ತಪ್ಪಿತ್ತು, ಪಾದ್ರಿಯೂ ಒಪ್ಪಿಕೊಂಡಿದ್ದರು.)

ಬ್ರ್ಯಾಡ್ಲಾ ತೀರಿಕೊಂಡದ್ದು ಜನವರಿ 30ರಂದು. ಗಾಂಧೀಜಿ ಗುಂಡಿಗೆ ಬಲಿಯಾದದ್ದೂ ಜನವರಿ 30ರಂದು. ಇದನ್ನು ಓದಿದ ಕೂಡಲೇ ನಿಮ್ಮ ಮೈ ಒಂದಿಷ್ಟು ಜುಮ್ಮೆಂದಿತೋ, ಅಥವಾ ವರ್ಷಕ್ಕೆ ಇರುವುದು 365 ದಿನ ತಾನೇ ಎಂದಿರೋ? ನಾನು ಕೊಟ್ಟದ್ದು ಎರಡು ತಾರೀಖು ಮಾತ್ರ, ಮಿಕ್ಕದ್ದೆಲ್ಲ ನಿಮ್ಮೊಳಗೆ ಮೊದಲೇ ಇತ್ತು.

ನಾವು ಈಗ ಹೇಳುವ ಅರ್ಥದಲ್ಲಿ ‘ನಾಸ್ತಿಕ’ ಎನ್ನುವ ಮಾತೂ ಹಳೆಯದಲ್ಲ. ಪಾಣಿನಿಯ ಸೂತ್ರಕ್ಕೆ ವ್ಯಾಖ್ಯಾನ ಬರೆದವರ ಪ್ರಕಾರ ಪರಲೋಕ ಇಲ್ಲ ಎನ್ನುವವನು ನಾಸ್ತಿಕ. ಮನುವಿಗೆ ವೇದವನ್ನು ಹಳಿಯುವವನು ನಾಸ್ತಿಕ. ಎರಡು ಕಡೆಯೂ ದೇವರ ಮಾತಿಲ್ಲ. ಜಗತ್ತನ್ನು ಒಬ್ಬ ಸೃಷ್ಟಿಸಿದ ಎಂಬುದನ್ನು, ವೇದವೇ ಪ್ರಮಾಣ ಎನ್ನುತ್ತಿದ್ದ ಮೀಮಾಂಸಕ ಕುಮಾರಿಲ ಭಟ್ಟರು ಶ್ಲೋಕವಾರ್ತಿಕದಲ್ಲಿ ಪಟ್ಟುಹಿಡಿದು ಅಲ್ಲಗಳೆದರು, ಆದರೂ ಕೂತದ್ದು ಆಸ್ತಿಕರ ಪಂಕ್ತಿಯಲ್ಲೇ. ನಮ್ಮ ಶ್ರವಣಬೆಳಗೊಳದ ಗೊಮ್ಮಟನನ್ನೇ ನೋಡಿ. ಅವನು ಜಗತ್ತನ್ನು ಮಾಡಿದವನೂ ಅಲ್ಲ, ಹರಕೆ ತೀರಿಸುವ ಹೊಣೆ ಹೊತ್ತವನೂ ಅಲ್ಲ. ಜೈನ ಮತದಲ್ಲಿ ಸೃಷ್ಟಿಕರ್ತನಿಗೆ ಜಾಗವೇ ಇಲ್ಲ. ಆದರೂ ಬೆಟ್ಟ ಹತ್ತುವ ಜನಕ್ಕೆ ಕೊರತೆಯಿಲ್ಲ; ಹತ್ತಿದ ಮೇಲೆ ಏನೋ ಒಂದು ಬೇಡಿಕೊಂಡು ಇಳಿಯುವವರಿಗೂ ಕೊರತೆಯಿಲ್ಲ.

ನನ್ನ ಸೋದರಮಾವನ ಮನೆಯಲ್ಲಿ ಹತ್ತೊಂಬತ್ತು ವರ್ಷದ ಮಗ ಜ್ವರದಲ್ಲಿ ಹೋದ. ಅವನಿಗೆ ಹುಷಾರಾಗಲಿ ಎಂದು ಹಳದಿ ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಮುಡಿಪನ್ನು ಮಾವ ಬಿಚ್ಚಿ, ಆ ದುಡ್ಡನ್ನು ಹೂವಿನವಳ ಬಾಕಿಗೆ ಕೊಟ್ಟುಬಿಟ್ಟರು. ಅಲ್ಲಿಂದಾಚೆಗೆ ದೇವರ ಮನೆಯ ಹೊಸಿಲು ತುಳಿಯಲಿಲ್ಲ. ಅತ್ತೆ ಅಲ್ಲಿಯವರೆಗೆ ಹಬ್ಬಹರಿದಿನಕ್ಕೆ ದೀಪ ಹಚ್ಚುತ್ತಿದ್ದವರು. ಮಗನ ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನದಿಂದ ಎರಡು ಹೊತ್ತೂ ಹಚ್ಚಲು ಶುರುಮಾಡಿದರು. ಒಂದೇ ಸೂರು, ಒಂದೇ ಸಾವು. ಒಂದು ಸಲ ನಾನು ಬಾಯಿ ತಡೆಯದೆ ಕೇಳಿದೆ, “ಯಾಕೆ ಮಾವ, ದೇವರನ್ನ ನಂಬೋದೇ ಇಲ್ವಾ ನೀವು?” ಅಂತ.

“ನಂಬೋ ಮಾತೆಲ್ಲಿ ಬಂತೋ?” ಎಂದರು. “ನನಗೂ ಅವನಿಗೂ ಮಾತಿಲ್ಲ, ಅಷ್ಟೆ.”

ಇಲ್ಲದವನ ಜೊತೆ ಯಾರೂ ಮಾತು ಬಿಡುವುದಿಲ್ಲ. ಮಾವನನ್ನು ಆಸ್ತಿಕರೆನ್ನಲೇ ನಾಸ್ತಿಕರೆನ್ನಲೇ ಎಂಬುದು ನನಗೆ ಈಗಲೂ ಬಗೆಹರಿದಿಲ್ಲ. ಅತ್ತೆಗೂ ದೇವರ ಮೇಲೆ ನಂಬಿಕೆ ಇತ್ತೋ, ಸಂಜೆ ಆರು ಗಂಟೆಗೆ ಮಗ ಮನೆಗೆ ಬರುತ್ತಿದ್ದ ಹೊತ್ತಿನಲ್ಲಿ ಕೈಗೊಂದು ಕೆಲಸ ಬೇಕಿತ್ತೋ, ನಾನು ಕೇಳಲಿಲ್ಲ. ನೋಡಿದ್ದು ಇಷ್ಟು: ದೀಪದ ಎಣ್ಣೆ ಮುಗಿದ ದಿನ ಯಾರೂ ಹೇಳದೆ ಅಂಗಡಿಗೆ ಹೋಗಿ ಶೀಸೆ ತುಂಬಿಸಿಕೊಂಡು ಬರುತ್ತಿದ್ದವರು ಮಾವ. ಹೊಸಿಲ ಈಚೆಗೆ ಇಟ್ಟು ಹೋಗುತ್ತಿದ್ದರು.

ಗೋರಾ ತಮ್ಮ ಹಿರಿಯ ಮಗಳು ಮನೋರಮಾಳನ್ನು ಅಸ್ಪೃಶ್ಯರೆನಿಸಿಕೊಂಡ ಜಾತಿಯ ಹುಡುಗ ಅರ್ಜುನ ರಾವ್‌ಗೆ ಕೊಡುವುದೆಂದು ನಿಶ್ಚಯಿಸಿದಾಗ, ಆ ಮದುವೆ ಸೇವಾಗ್ರಾಮದಲ್ಲೇ ಆಗಲಿ ಎಂದವರು ಗಾಂಧೀಜಿ. ತೊಡಕಿದ್ದದ್ದು ಪ್ರತಿಜ್ಞೆಯ ಮಾತಿನಲ್ಲಿ. ಆಶ್ರಮದ ಮದುವೆಯಲ್ಲಿ ಅದು ದೇವರ ಹೆಸರಿನಲ್ಲಿ ಆಗುತ್ತಿತ್ತು. ಗಾಂಧೀಜಿ ಅದನ್ನು ತೆಗೆದು ‘ಸತ್ಯದ ಹೆಸರಿನಲ್ಲಿ’ ಎಂದು ಮಾಡಲು ಒಪ್ಪಿದರು. ದೇವರೇ ಸತ್ಯ ಎನ್ನುತ್ತಿದ್ದವರು ಸತ್ಯವೇ ದೇವರು ಎಂದು ಮಾತನ್ನು ತಿರುಗಿಸಿಕೊಂಡು ಆಗಲೇ ಬಹಳ ವರ್ಷಗಳಾಗಿದ್ದವು. ಮದುವೆ 1948ರ ಮಾರ್ಚಿನಲ್ಲಿ, ಸೇವಾಗ್ರಾಮದಲ್ಲೇ ನಡೆಯಿತು. ಒಪ್ಪಿಕೊಂಡವರು ಆ ಹೊತ್ತಿಗೆ ಇರಲಿಲ್ಲ. ಅವರು ಒಪ್ಪಿದ ಹಾಗೆಯೇ ದೇವರ ಹೆಸರನ್ನು ಬಿಟ್ಟು ಮದುವೆ ಮಾಡಿದರು.